‘ಜೈ ಭೀಮ್’: ರಾಜಾಕಣ್ಣು ಅವರ ಸಮುದಾಯ ತೆರೆಯ ಮೇಲೆ ಯಾಕೆ ಕಾಣಲಿಲ್ಲ?

[ತೆರೆಯ ಮೇಲೆ: ಜೈಲಿನ ಬಾಗಿಲು]

ಜೈಲಿನಿಂದ ಬಿಡುಗಡೆಯಾದವರು ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದಾರೆ. ಬಾಗಿಲಲ್ಲಿ ನಿಂತ ಅಧಿಕಾರಿ ಎಲ್ಲರನ್ನೂ ಕೇಳುವುದು ಒಂದೇ ಪ್ರಶ್ನೆ. ‘ಯಾವ ಜಾತಿ?’ ಉತ್ತರ ಕೇಳಿ ಕೆಲವರಿಗೆ ಹೋಗು ಅನ್ನುತ್ತಾನೆ. ಇನ್ನು ಕೆಲವರನ್ನು ಪಕ್ಕಕ್ಕೆ ನಿಲ್ಲಿಸುತ್ತಾನೆ. ಹೊರಗೆ ಪೊಲೀಸರು ಕಾಯುತ್ತಿದ್ದಾರೆ. ಹಳೇ ಕೇಸುಗಳನ್ನು ಮುಗಿಸಿಬಿಡಲು ಅವರಿಗೆ ಆರೋಪಿಗಳು ಬೇಕು.

2021ರ ನವೆಂಬರ್‌ನಲ್ಲಿ ಬಂದ ತಮಿಳು ಸಿನಿಮಾ ‘ಜೈ ಭೀಮ್’ ಶುರುವಾಗುವುದೇ ಹೀಗೆ. ನಿರ್ದೇಶನ ಟಿ.ಜೆ. ಜ್ಞಾನವೇಲ್ ಅವರದು. ಕನ್ನಡದಲ್ಲೂ ಡಬ್ ಆಗಿ ಬಂತು, ನಿಮ್ಮಲ್ಲಿ ಬಹಳಷ್ಟು ಜನ ನೋಡಿರುತ್ತೀರಿ. ಅಪರಾಧದ ಕಥೆ ಹೇಳುವ ಸಿನಿಮಾಗಳಲ್ಲಿ ಬುಡಕಟ್ಟಿನ ಜನ ಸಾಮಾನ್ಯವಾಗಿ ಗುಂಪಿನಲ್ಲಿ ನಿಂತಿರುತ್ತಾರೆ. ಇಲ್ಲಿ ಹಾಗಲ್ಲ. ಪೊಲೀಸರು ಬರುವ ಮೊದಲೇ ನಾವು ರಾಜಾಕಣ್ಣು, ಸೆಂಗೇನಿಯ ಸಂಸಾರ ನೋಡುತ್ತೇವೆ. ಹೊಲದಲ್ಲಿ ಇಲಿ ಹಿಡಿಯುವುದು, ಇಟ್ಟಿಗೆ ಗೂಡಿನ ಕೆಲಸ, ಒಂದು ಗಟ್ಟಿ ಮನೆ ಕಟ್ಟಬೇಕೆಂಬ ಆಸೆ. ಸಿನಿಮಾದಲ್ಲಿ ಇವರು ಇರುಳರು, ತಮಿಳುನಾಡಿನ ಒಂದು ಬುಡಕಟ್ಟಿನವರು. ಆ ಸಮುದಾಯದವರೇ ಎಷ್ಟೋ ಜನ ನಟಿಸಿದ್ದಾರೆ. ಸೆಂಗೇನಿಯಾಗಿ ಲಿಜೋಮೋಲ್ ಜೋಸ್ ಅವರ ನಟನೆ ನನಗೆ ಇವತ್ತಿಗೂ ಮರೆಯಲು ಆಗಿಲ್ಲ.

ಆದರೆ ಒಂದು ಮಾತು ನನ್ನನ್ನು ಕೊರೆಯುತ್ತಲೇ ಇದೆ. ಅದನ್ನು ಹೇಳಲೆಂದೇ ಈ ವಿಡಿಯೋ.

[ತೆರೆಯ ಮೇಲೆ: 1993]

ಇದು ನಡೆದ ಕಥೆ. 1993ರಲ್ಲಿ, ತಮಿಳುನಾಡಿನ ಇಂದಿನ ಕಡಲೂರು ಜಿಲ್ಲೆಯಲ್ಲಿ, ಕಳ್ಳತನದ ಅನುಮಾನದ ಮೇಲೆ ಪೊಲೀಸರು ರಾಜಾಕಣ್ಣು ಎಂಬುವರನ್ನು ಹಿಡಿದುಕೊಂಡು ಹೋದರು. ಠಾಣೆಯಲ್ಲಿ ಹೊಡೆತ ತಿಂದು ಅವರು ಸತ್ತರು. ತಪ್ಪಿಸಿಕೊಂಡು ಓಡಿಹೋದ ಅಂತ ಪೊಲೀಸರು ಹೇಳಿದರು. ಅವರ ಪತ್ನಿ ಮದ್ರಾಸ್ ಹೈಕೋರ್ಟಿಗೆ ಹೋದರು. ಅವರ ಪರ ವಾದಿಸಿದ ವಕೀಲರು ಕೆ. ಚಂದ್ರು, ಮುಂದೆ ಅದೇ ಹೈಕೋರ್ಟಿನ ನ್ಯಾಯಮೂರ್ತಿಯಾದವರು. ಸಿನಿಮಾದಲ್ಲಿ ಸೂರ್ಯ ಮಾಡಿದ ಪಾತ್ರ ಅವರದೇ.

ಆದರೆ ನಿಜವಾದ ರಾಜಾಕಣ್ಣು ಇರುಳರಲ್ಲ, ಕುರವರು. ನಮ್ಮಲ್ಲಿ ಕೊರವ, ಕೊರಮ, ಕೊರಚ ಅನ್ನುತ್ತೇವಲ್ಲ, ಅವರಿಗೆ ಹತ್ತಿರದವರು. ಬುಟ್ಟಿ ಹೆಣೆಯುವವರು. ಕಣಿ ಹೇಳುವ ಕೊರವಂಜಿಯಾಗಿ ನಮ್ಮ ಹಾಡಿನಲ್ಲಿ, ಆಟದಲ್ಲಿ ಬರುವವರು.

ಇಬ್ಬರೂ ಬಡವರೇ, ಇಬ್ಬರ ಮೇಲೂ ದೌರ್ಜನ್ಯ ನಡೆಯುತ್ತದೆ, ಹೆಸರು ಬದಲಾದರೆ ಏನಾಯಿತು ಅಂತ ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಕುರವರ ಮನೆಗೆ ಪೊಲೀಸರು ಬರುವುದರ ಹಿಂದೆ ಬೇರೆಯೇ ಒಂದು ಇತಿಹಾಸ ಇದೆ. 1871ರಲ್ಲಿ ಬ್ರಿಟಿಷರು ಒಂದು ಕಾನೂನು ತಂದರು. ಕೆಲವು ಸಮುದಾಯಗಳಿಗೆ ಸಮುದಾಯಗಳನ್ನೇ ‘ಅಪರಾಧಿ ಬುಡಕಟ್ಟು’ ಅಂತ ಪಟ್ಟಿ ಮಾಡುವ ಕಾನೂನು. 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಕುರವರು ಆ ಪಟ್ಟಿ ಸೇರಿದರು. ಪೊಲೀಸರ ಮುಂದೆ ಹೋಗಿ ಹಾಜರಿ ಹಾಕಬೇಕು. ಬೆರಳಚ್ಚು ಕೊಡಬೇಕು. ಊರು ಬಿಡಬೇಕಾದರೆ ಅಪ್ಪಣೆ ಬೇಕು. ಏನೂ ಕದಿಯದಿದ್ದರೂ ಸರಿ, ಆ ಜಾತಿಯಲ್ಲಿ ಹುಟ್ಟಿದ್ದೇ ಸಾಕು.

ಹುಬ್ಬಳ್ಳಿಯವರಿಗೆ ಇದು ದೂರದ ಮಾತಲ್ಲ. ಇಂಥ ಸಮುದಾಯಗಳನ್ನು ತಂದು ಕೂಡಿಹಾಕಿದ ಜಾಗಕ್ಕೆ ಅಲ್ಲಿ ಇಂದಿಗೂ ಸೆಟ್ಲಮೆಂಟ್ ಅಂತಲೇ ಕರೆಯುತ್ತಾರೆ.

ಕಾನೂನು 1952ರಲ್ಲಿ ರದ್ದಾಯಿತು. ಪೊಲೀಸರ ತಲೆಯಿಂದ ಆ ಪಟ್ಟಿ ಹೋಗಲಿಲ್ಲ. 1993ರಲ್ಲಿ ಒಂದು ಮನೆಯ ಒಡವೆ ಕಳುವಾದಾಗ ಕುರವರ ಮೇಲೆ ಕಣ್ಣು ಬಿದ್ದದ್ದು ಸುಮ್ನೆ ಅಲ್ಲ ಅಂತ ನಾನು ನಂಬುತ್ತೇನೆ. ಸಿನಿಮಾದ ರಾಜಾಕಣ್ಣು ಇರುಳ, ಹಾವು ಹಿಡಿಯುವವನು. ಹಾವು ಹಿಡಿಯಲು ದೊಡ್ಡ ಮನೆಯೊಳಗೆ ಹೋಗಿದ್ದ, ಆಮೇಲೆ ಆ ಮನೆಯಲ್ಲಿ ಕಳ್ಳತನ ಆಯಿತು, ಅದಕ್ಕೇ ಅನುಮಾನ. ನೋಡುವವರಿಗೆ ಒಂದು ಕಾರಣ ಸಿಕ್ಕಿಬಿಡುತ್ತದೆ ಅಲ್ವಾ? ಕುರವರನ್ನು ಅನುಮಾನಿಸಲು ಅಂಥ ಕಾರಣವೇ ಬೇಕಿರಲಿಲ್ಲ. ಮೊದಲ ದೃಶ್ಯದಲ್ಲಿ ಸಿನಿಮಾ ಹೇಳಿದ್ದೂ ಇದನ್ನೇ. ಆಮೇಲೆ ಹಾವಿನ ಕಥೆ ಬಂದು ಅದನ್ನು ಮರೆಸಿತು.

ಮುಖ್ಯ ಜೋಡಿಯ ಪಾತ್ರ ಮಾಡಿದವರು ಇರುಳ ಸಮುದಾಯದವರಲ್ಲ, ಮೇಕಪ್‌ನಲ್ಲಿ ಮೈಬಣ್ಣ ಕಪ್ಪು ಮಾಡಿದ್ದಾರೆ ಎಂಬ ಟೀಕೆಯೂ ಬಂತು. ಅದೂ ಸರಿಯಾದ ಮಾತೇ. ಆದರೆ ನನಗೆ ಹೆಸರಿನ ವಿಷಯ ಅದಕ್ಕಿಂತ ದೊಡ್ಡದು.

ಯಾಕೆಂದರೆ ತೆರೆಯ ಮೇಲೆ ಯಾರ ಹೆಸರಿದೆಯೋ ನೆರವೂ ಅವರನ್ನೇ ಹುಡುಕಿಕೊಂಡು ಹೋಗುತ್ತದೆ. ಬಿಡುಗಡೆಯ ಹೊತ್ತಿಗೆ ಸೂರ್ಯ ಅವರು 1 ಕೋಟಿ ರೂಪಾಯಿ ಕೊಟ್ಟರು, ಇರುಳರಿಗಾಗಿ ಇರುವ ಟ್ರಸ್ಟ್‌ಗೆ. ಬಹಳ ಒಳ್ಳೆಯ ಕೆಲಸ, ಇರುಳರಿಗೆ ಅದು ಬೇಕೇ ಬೇಕಿತ್ತು. ರಾಜಾಕಣ್ಣು ಅವರ ಪತ್ನಿಯ ಹೆಸರಿನಲ್ಲಿ 10 ಲಕ್ಷ ರೂಪಾಯಿ ಠೇವಣಿ ಇಡುವುದಾಗಿಯೂ ಆಮೇಲೆ ಹೇಳಿದರು. ಆದರೆ ಸಿನಿಮಾ ನೋಡಿ ಅತ್ತ ಲಕ್ಷಾಂತರ ಜನ ಕುರವರು ಎಂಬ ಹೆಸರು ನೆನಪಿಟ್ಟುಕೊಂಡು ಎದ್ದು ಹೋಗಲಿಲ್ಲ.

[ತೆರೆಯ ಮೇಲೆ: ಬಿದಿರಿನ ಬುಟ್ಟಿ ಹೆಣೆಯುತ್ತಿರುವ ಕೈಗಳು]

ಇದನ್ನು ನೋಡುತ್ತಿರುವವರಲ್ಲಿ ಕೊರಮ, ಕೊರಚ ಮನೆಯವರು ಇದ್ದೀರಾ? ಸಿನಿಮಾ ನೋಡಿದಾಗ ನಿಮಗೆ ಏನನ್ನಿಸಿತು ಅಂತ ಬರೆಯಿರಿ. ನಿಮ್ಮ ಅಜ್ಜ, ಅಜ್ಜಿ ಹಾಜರಿಯ ಕಥೆ ಹೇಳಿದ್ದರೆ ಅದನ್ನೂ ಬರೆಯಿರಿ. ನೀವು ಒಪ್ಪಿದರೆ ಮುಂದಿನ ವಿಡಿಯೋ ಅದರಿಂದಲೇ ಶುರು ಮಾಡುತ್ತೇನೆ.