ಅಂಗಿಯ ಮೇಲೆ ಎರಡು ಹೆಸರು: ಇಟಲಿಯ ವಾಲಿಬಾಲ್ ಕ್ಲಬ್‌ಗಳ ಕಥೆ

ಕೇಳುಗರೇ, ನಮಸ್ಕಾರ.

ಉತ್ತರ ಇಟಲಿಯ ಬ್ರೆಷಾ ಜಿಲ್ಲೆಯಲ್ಲಿ ಮೊಂಟಿಕಿಯಾರಿ ಅಂತ ಒಂದು ಸಣ್ಣ ಪಟ್ಟಣ ಇದೆ. ಅಲ್ಲಿನ ಒಳಾಂಗಣ ಕ್ರೀಡಾಂಗಣದ ಹೆಸರು ಪಾಲಾಜಾರ್ಜ್. ಆ ಜಾರ್ಜ್ ಇಟಲಿಯವರಲ್ಲ. ನಮ್ಮ ಕೊಡಗಿನ ಗಡಿಯಾಚೆ, ಕಣ್ಣೂರು ಜಿಲ್ಲೆಯ ಪೇರಾವೂರಿನ ಜಿಮ್ಮಿ ಜಾರ್ಜ್. ಎಂಬತ್ತರ ದಶಕದಲ್ಲಿ ಇಟಲಿಯ ಕ್ಲಬ್‌ಗಳಿಗೆ ಆಡುತ್ತಿದ್ದ ಅವರು 1987ರ ನವೆಂಬರ್ 30ರಂದು ಅಲ್ಲಿಯೇ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 32 ವರ್ಷ. ಎಲ್ಲಿಂದಲೋ ಬಂದ ಒಬ್ಬ ಸ್ಮ್ಯಾಷರನ ಹೆಸರನ್ನು ಊರಿನವರು ತಮ್ಮ ಕ್ರೀಡಾಂಗಣಕ್ಕೆ ಇಟ್ಟುಕೊಂಡರು ಅಂದರೆ, ಅಲ್ಲಿ ಈ ಆಟದ ಬೇರು ಎಷ್ಟು ಆಳಕ್ಕೆ ಇಳಿದಿರಬೇಕು! ಆ ಬೇರಿನ ಬಗ್ಗೆಯೇ ಇವತ್ತು ನನ್ನ ಮಾತು.

ಇಟಲಿಯಲ್ಲಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಶುರುವಾದದ್ದು ಯುದ್ಧ ಮುಗಿದ ಮರುವರ್ಷ, 1946ರಲ್ಲಿ. ಮೊದಲ ಚಾಂಪಿಯನ್ ರವೆನ್ನಾದ ರೋಬುರ್ ತಂಡ. ಗೆದ್ದವರು ಮುಂದಿನ ಋತುವಿನಲ್ಲಿ ಅಂಗಿಯ ಮೇಲೆ ತ್ರಿವರ್ಣದ ಪುಟ್ಟ ಗುರಾಣಿ ಹೊಲಿಸಿಕೊಳ್ಳುತ್ತಾರೆ; ಅದಕ್ಕೆ ಸ್ಕುದೆತ್ತೊ ಅನ್ನುತ್ತಾರೆ. ಆ ಗುರಾಣಿ ಬಹುಕಾಲ ಓಡಾಡಿದ್ದು ದೊಡ್ಡ ನಗರಗಳಲ್ಲಲ್ಲ. ರೋಮ್, ಮಿಲಾನ್‌ಗಳು ಫುಟ್‌ಬಾಲಿನಲ್ಲಿ ಮುಳುಗಿದ್ದವು. ವಾಲಿಬಾಲನ್ನು ಸಾಕಿದ್ದು ಎಮಿಲಿಯಾ-ರೊಮಾನ್ಯಾ ಪ್ರಾಂತ್ಯದ ಮಧ್ಯಮ ಗಾತ್ರದ ಊರುಗಳು. ಒಂದು ಲೆಕ್ಕ ಕೇಳಿ: 1982ರಿಂದ 1993ರವರೆಗಿನ 12 ಪ್ರಶಸ್ತಿಗಳಲ್ಲಿ 11 ಈ ಒಂದೇ ಪ್ರಾಂತ್ಯಕ್ಕೆ ಬಂದವು. ಪಾರ್ಮಾ, ಬೊಲೊನ್ಯಾ, ಮೋದೆನಾ, ರವೆನ್ನಾ ತಮ್ಮ ತಮ್ಮಲ್ಲೇ ಹಂಚಿಕೊಂಡವು. ನಡುವೆ 1984ರಲ್ಲಿ ಒಮ್ಮೆ ಮಾತ್ರ ಟ್ಯೂರಿನ್ ಕಸಿದುಕೊಂಡಿತು.

ಇವುಗಳಲ್ಲಿ ಮೋದೆನಾದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಫುಟ್‌ಬಾಲ್ ಆಟಗಾರರ ಚಿತ್ರದ ಸ್ಟಿಕ್ಕರುಗಳನ್ನು ಮಕ್ಕಳು ಆಲ್ಬಮ್ಮಿಗೆ ಅಂಟಿಸುತ್ತಾರಲ್ಲ, ಆ ವ್ಯಾಪಾರವನ್ನು ಜಗತ್ತಿಗೆ ಹಬ್ಬಿಸಿದ ಪಾನೀನಿ ಸಹೋದರರು ಇದೇ ಊರಿನವರು. ಪತ್ರಿಕೆ ಮಾರುತ್ತಿದ್ದ ಕುಟುಂಬ. 1961ರಲ್ಲಿ ಮೊದಲ ಫುಟ್‌ಬಾಲ್ ಆಲ್ಬಮ್ ತಂದರು. ದುಡ್ಡು ಬಂತು. ಅಣ್ಣ ಜುಸೆಪ್ಪೆ ಪಾನೀನಿಗೆ ವಾಲಿಬಾಲ್ ಅಂದರೆ ಪ್ರಾಣ. 1966ರಲ್ಲಿ ಕಂಪನಿಯ ಹೆಸರಲ್ಲೇ ತಂಡ ಕಟ್ಟಿದರು. 1970ರಲ್ಲಿ ಮೊದಲ ಸ್ಕುದೆತ್ತೊ. ಇಂದಿಗೂ ಅಲ್ಲಿನ ಜನ ವಾಲಿಬಾಲಿನ ದೇವಸ್ಥಾನ ಎಂದು ಕರೆಯುವ ಕ್ರೀಡಾಂಗಣ 1985ರಲ್ಲಿ ತೆರೆಯಿತು. ಈಗ ಅದಕ್ಕೆ ಜುಸೆಪ್ಪೆಯವರದೇ ಹೆಸರು.

ಅದೇ ವರ್ಷ ಆ ತಂಡಕ್ಕೆ ಒಬ್ಬ ಕೋಚ್ ಬಂದರು. ಅರ್ಜೆಂಟೀನಾದ ಲಾ ಪ್ಲಾಟಾದವರು, ತತ್ವಶಾಸ್ತ್ರ ಓದಿದವರು, ಹೆಸರು ಹುಲಿಯೊ ವೆಲಾಸ್ಕೊ. ಸತತ ನಾಲ್ಕು ವರ್ಷ, 1986ರಿಂದ 1989ರವರೆಗೆ, ಮೋದೆನಾ ಚಾಂಪಿಯನ್. ವೆಲಾಸ್ಕೊ ಆಟಗಾರರ ನೆಪಗಳನ್ನು ಸಹಿಸುತ್ತಿರಲಿಲ್ಲ. ಅವರು ಹೇಳುತ್ತಿದ್ದ ಒಂದು ಸರಪಣಿ ಇದೆ: ಸ್ಮ್ಯಾಷ್ ತಪ್ಪಿದವನು ಸೆಟ್ಟರ್ ಕಡೆ ನೋಡುತ್ತಾನೆ, ಚೆಂಡು ಸರಿಯಾಗಿ ಎತ್ತಿಕೊಡಲಿಲ್ಲ ಅಂತ. ಸೆಟ್ಟರ್ ಹಿಂದೆ ತಿರುಗಿ, ಎದುರಾಳಿಯ ಸರ್ವೀಸ್ ಎತ್ತಿಕೊಂಡವನನ್ನು ನೋಡುತ್ತಾನೆ. ಅವನ ಹಿಂದೆ ಯಾರೂ ಇಲ್ಲ. ಅವನು ಮೇಲಿನ ದೀಪವನ್ನು ದೂರುತ್ತಾನೆ. ಕೆಟ್ಟ ಚೆಂಡನ್ನೂ ಹೊಡೆದು ಗೆಲ್ಲಿಸುವವನೇ ಸ್ಮ್ಯಾಷರ್ ಎಂಬುದು ಅವರ ಪಾಠ. ಊರ ಬಯಲಿನಲ್ಲಿ ಬಲೆ ಕಟ್ಟಿ ಆಡಿದ ಯಾರಿಗಾದರೂ ಈ ದೃಶ್ಯ ಕಣ್ಣಿಗೆ ಕಟ್ಟುತ್ತದೆ.

ಲುಕೆಟ್ಟಾ, ಬೆರ್ನಾರ್ಡಿ, ಕಾಂಟಗಾಲ್ಲಿ ಮೋದೆನಾದಲ್ಲಿ ಅವರ ಕೈಕೆಳಗೆ ಆಡಿದವರು. 1989ರಲ್ಲಿ ವೆಲಾಸ್ಕೊ ಇಟಲಿಯ ರಾಷ್ಟ್ರೀಯ ತಂಡಕ್ಕೆ ಕೋಚ್ ಆಗಿ ಹೋದರು; ಆ ವರ್ಷ ಯುರೋಪ್ ಪ್ರಶಸ್ತಿ, 1990ರಲ್ಲಿ ಮತ್ತು 1994ರಲ್ಲಿ ವಿಶ್ವ ಪ್ರಶಸ್ತಿ. ಅದಕ್ಕೂ ಹಿಂದೆ 1978ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಟಲಿ ಬೆಳ್ಳಿ ಗೆದ್ದು ಜನರನ್ನು ಆಟದ ಕಡೆಗೆ ಎಳೆದಿತ್ತು. 1980ರಲ್ಲಿ ಟ್ಯೂರಿನ್ ತಂಡ ಯುರೋಪಿನ ಚಾಂಪಿಯನ್ನರ ಕಪ್ ಗೆದ್ದ ಮೊದಲ ಇಟಾಲಿಯನ್ ಕ್ಲಬ್ ಆಗಿತ್ತು. ಆದರೆ ಹೊಲ ಹದವಾದದ್ದು ಈ ಸಣ್ಣ ಊರುಗಳ ವಾರದ ಪಂದ್ಯಗಳಲ್ಲಿ ಎಂದೇ ನಾನು ನಂಬಿದ್ದೇನೆ.

ಇನ್ನು ದುಡ್ಡಿನ ವಿಚಾರ. ತಂಡದ ಹೆಸರಿನಲ್ಲಿ ಕಂಪನಿಯೇ ಮೊದಲು, ಊರು ಆಮೇಲೆ. ಪಾರ್ಮಾ ತಂಡದ ಅಂಗಿಯ ಮೇಲೆ ಸಾಂತಾಲ್ ಎಂಬ ಹಣ್ಣಿನ ರಸ. ಆ ಹೆಸರಿನಲ್ಲೇ 1984, 1985ರಲ್ಲಿ ಯುರೋಪ್ ಕಪ್. ಟ್ರೆವಿಸೊ ತಂಡ ಬೆನೆಟ್ಟನ್ ಉಡುಪು ಮನೆತನದ್ದು, ಸಿಸ್ಲೆ ಎಂಬ ಹೆಸರಿನಲ್ಲಿ. ಟಿವಿ ಉದ್ಯಮಿ, ಮುಂದೆ ಪ್ರಧಾನಿಯಾದ ಬೆರ್ಲುಸ್ಕೋನಿ ಮಿಲಾನ್‌ನಲ್ಲಿ ತಂಡ ಕೊಂಡು ಕ್ಲಬ್‌ಗಳ ವಿಶ್ವಕಪ್ ಎರಡು ಸಲ ಗೆಲ್ಲಿಸಿದರು, ಸ್ಕುದೆತ್ತೊ ಮಾತ್ರ ಕೈಗೆ ಸಿಗಲಿಲ್ಲ. ರವೆನ್ನಾದ ಹಿಂದೆ ಫೆರುಝಿ ಉದ್ಯಮ ಸಮೂಹ ನಿಂತಿತ್ತು. ಅಮೆರಿಕದ ಒಲಿಂಪಿಕ್ ಚಾಂಪಿಯನ್ನರಾದ ಕಾರ್ಚ್ ಕಿರಾಯ್, ಸ್ಟೀವ್ ಟಿಮ್ಮನ್ಸ್ ಇಬ್ಬರೂ ಅಲ್ಲಿಗೆ ಬಂದರು. 1991ರಲ್ಲಿ ಸ್ಕುದೆತ್ತೊ, 1992ರಿಂದ ಸತತ ಮೂರು ಯುರೋಪ್ ಕಪ್. 1992ರಿಂದ 2000ದವರೆಗೆ ಒಂಬತ್ತು ವರ್ಷ ಆ ಕಪ್ ಇಟಲಿ ಬಿಟ್ಟು ಆಚೆ ಹೋಗಲೇ ಇಲ್ಲ: ರವೆನ್ನಾ ಮೂರು, ಮೋದೆನಾ ಮೂರು, ಟ್ರೆವಿಸೊ ಮೂರು.

ಇಷ್ಟೆಲ್ಲ ಆದರೂ ಕಾನೂನಿನ ಕಣ್ಣಲ್ಲಿ ಈ ಆಟಗಾರರು ಹವ್ಯಾಸಿಗಳೇ! 1981ರ ಕ್ರೀಡಾ ಕಾನೂನಿನ ಅಡಿಯಲ್ಲಿ ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಸೈಕ್ಲಿಂಗ್ ವೃತ್ತಿಪರವಾದವು. ವಾಲಿಬಾಲ್ ಆ ಪಟ್ಟಿಗೆ ಸೇರಲಿಲ್ಲ. ಜಗತ್ತಿನ ಅತ್ಯುತ್ತಮ ಲೀಗ್ ಎನಿಸಿಕೊಂಡ ಕಡೆ, ದಿನವಿಡೀ ಅದನ್ನೇ ದುಡಿಮೆ ಮಾಡಿಕೊಂಡವರಿಗೆ ದುಡಿಮೆಗಾರರ ಸ್ಥಾನ ಕೊಡದೆ ದಶಕಗಳನ್ನು ಕಳೆದದ್ದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಒಡೆಯರು ಎದ್ದುಹೋದಾಗ ಏನಾಯಿತು? ಒಂಬತ್ತು ಸ್ಕುದೆತ್ತೊ, ನಾಲ್ಕು ಯುರೋಪ್ ಕಪ್ ಗೆದ್ದಿದ್ದ ಟ್ರೆವಿಸೊ ತಂಡ, ಬೆನೆಟ್ಟನ್ ಕೈಬಿಟ್ಟ ಮೇಲೆ ಕೊನೆಯ ಋತುವನ್ನು ಬೆಲ್ಲೂನೊ ಎಂಬ ಬೇರೆ ಊರಿನಲ್ಲಿ ಆಡಿ, 2012ರಲ್ಲಿ ಮುಚ್ಚಿಹೋಯಿತು. ಪಾನೀನಿ ಕುಟುಂಬವೂ 1988ರಲ್ಲಿ ಕಂಪನಿಯನ್ನು ಮಾರಿತು. ಆದರೆ ಮೋದೆನಾ ಉಳಿಯಿತು. ಪ್ರಾಯೋಜಕರು ಬದಲಾದರು, ಅಂಗಿಯ ಮೇಲಿನ ಮೊದಲ ಹೆಸರು ಮತ್ತೆ ಮತ್ತೆ ಬದಲಾಯಿತು, ಎರಡನೆಯದು ಅಳಿಸಲಿಲ್ಲ. 2016ರಲ್ಲಿ ಅದು 12ನೇ ಸ್ಕುದೆತ್ತೊ ಗೆದ್ದಿತು. ವ್ಯತ್ಯಾಸ ಎಲ್ಲಿದೆ ಎಂದರೆ, ಟಿಕೆಟ್ ಕೊಂಡು ಕೂರುವ ಜನರಲ್ಲಿ ಎಂಬುದು ನನ್ನ ಉತ್ತರ.

ಹೊಸ ಶತಮಾನದಲ್ಲಿ ಆಟ ಬೇರೆ ಊರುಗಳಿಗೆ ಹರಿಯಿತು. ಆಲ್ಪ್ಸ್ ತಪ್ಪಲಿನ ಟ್ರೆಂಟೊದಲ್ಲಿ 2000ದಲ್ಲಿ ಹುಟ್ಟಿದ ಕ್ಲಬ್ 2009ರಿಂದ ಸತತ ಮೂರು ಸಲ ಯುರೋಪ್ ಚಾಂಪಿಯನ್, ಸತತ ನಾಲ್ಕು ಸಲ ವಿಶ್ವ ಕ್ಲಬ್ ಚಾಂಪಿಯನ್ ಆಯಿತು. ಬಲ್ಗೇರಿಯಾದ ಕಾಜಿಸ್ಕಿ, ಕ್ಯೂಬಾದ ಹ್ವಾಂತೊರೇನಾ ಅದರ ಎರಡು ತೋಳುಗಳು. ಪೂರ್ವ ಕರಾವಳಿಯ ಮಾರ್ಕೆ ಪ್ರಾಂತ್ಯದಲ್ಲಿ ಲೂಬೆ ಎಂಬ ಕ್ಲಬ್, ಮಧ್ಯ ಇಟಲಿಯಲ್ಲಿ ಪೆರುಜಾ ಎದ್ದು ನಿಂತವು. 2018ರಲ್ಲಿ ಪೆರುಜಾ ಮೊದಲ ಸ್ಕುದೆತ್ತೊ ಗೆದ್ದಾಗ ಕೋಚ್ ಆಗಿದ್ದವರು ಮೋದೆನಾದ ಹಳೆಯ ಹುಡುಗ ಲೊರೆಂಜೊ ಬೆರ್ನಾರ್ಡಿ.

ಆ ಪೆರುಜಾ ತಂಡವನ್ನು ನಮ್ಮ ಕೇಳುಗರಲ್ಲಿ ಕೆಲವರು ಕಣ್ಣಾರೆ ನೋಡಿರಬಹುದು. 2023ರ ಡಿಸೆಂಬರ್‌ನಲ್ಲಿ ಪುರುಷರ ವಿಶ್ವ ಕ್ಲಬ್ ಚಾಂಪಿಯನ್‌ಷಿಪ್ ನಡೆದದ್ದು ಬೆಂಗಳೂರಿನ ಕೋರಮಂಗಲ ಒಳಾಂಗಣ ಕ್ರೀಡಾಂಗಣದಲ್ಲಿ. ಸೆಟ್ಟರ್ ಸಿಮೋನೆ ಜಾನೆಲ್ಲಿಯ ಪೆರುಜಾ, ಫೈನಲ್‌ನಲ್ಲಿ ಬ್ರೆಜಿಲ್‌ನ ಮಿನಾಸ್ ತಂಡವನ್ನು ಮೂರು ನೇರ ಸೆಟ್‌ಗಳಲ್ಲಿ ಸೋಲಿಸಿ ಕಪ್ ಉಳಿಸಿಕೊಂಡಿತು. ಅದರ ಕೋಚ್ ಆಂಜೆಲೊ ಲೊರೆಂಜೆಟ್ಟಿ ಮುಂದಿನ ವಸಂತದಲ್ಲಿ ಸ್ಕುದೆತ್ತೊವನ್ನೂ ಗೆದ್ದರು. ಪಿಯಾಚೆಂಜಾ, ಮೋದೆನಾ, ಟ್ರೆಂಟೊ ಆದ ಮೇಲೆ, ಅವರು ಆ ಗುರಾಣಿಯನ್ನು ತಂದುಕೊಟ್ಟ ನಾಲ್ಕನೆಯ ಊರು ಪೆರುಜಾ.

ನಮಸ್ಕಾರ.