ಕೇಳಿಸಿತು ಅಂತ ಹೇಳುವ ಗೆಳೆಯ

ನಮಸ್ಕಾರ, ಕೇಳುಗರೆ. ಇವತ್ತು ಕೆನಡಾದ ಹಾಕಿ ಬಗ್ಗೆ ಮಾತಾಡೋಣ. ಮಂಜುಗಡ್ಡೆ ಮೇಲೆ ಆಡುವ ಹಾಕಿ. ಅದರಲ್ಲೂ ಒಂದೇ ತಂಡದ ಇಬ್ಬರು ಹದಿಹರೆಯದ ಗೆಳೆಯರ ಬಗ್ಗೆ.

ಒಬ್ಬ ಬಿಳಿಯ, ಇನ್ನೊಬ್ಬ ಕಪ್ಪು ಹುಡುಗ ಅಂದುಕೊಳ್ಳಿ. ಬೆಳಕು ಹರಿಯುವ ಮೊದಲೇ ಅಭ್ಯಾಸ, ಹಿಮ ಬಿದ್ದ ರಸ್ತೆಯಲ್ಲಿ ಗಂಟೆಗಟ್ಟಲೆ ಬಸ್ಸು, ಒದ್ದೆ ಗ್ಲೌಸಿನ ನಾತ, ಎಲ್ಲದರಲ್ಲೂ ಜೊತೆ. ಒಂದು ದಿನ ಎದುರಾಳಿ ಹುಡುಗ ಬೆಂಚಿನ ಹತ್ತಿರ ಜಾರಿಕೊಂಡು ಬಂದು, ರೆಫರಿಗೆ ಕೇಳಿಸದ ಹಾಗೆ, ಕಪ್ಪು ಹುಡುಗನನ್ನ ಬಣ್ಣ ಹಿಡಿದು ಬೈಯುತ್ತಾನೆ. ಬಿಳಿಯ ಗೆಳೆಯನಿಗೆ ಕೇಳಿಸುತ್ತೆ. ಅವನು ತಲೆ ಬಗ್ಗಿಸಿ ಸ್ಕೇಟಿನ ಲೇಸ್ ಬಿಗಿ ಮಾಡುತ್ತಾ ಕೂರುತ್ತಾನೆ. ಲೇಸ್ ಏನೂ ಸಡಿಲ ಆಗಿರಲಿಲ್ಲ.

ಈ ಬೈಗುಳಕ್ಕೆ ಹಳೇ ಇತಿಹಾಸ ಇದೆ. ಕೆನಡಾ, ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಆದ ನ್ಯಾಷನಲ್ ಹಾಕಿ ಲೀಗಿನಲ್ಲಿ ಆಡಿದ ಮೊದಲ ಕಪ್ಪು ಆಟಗಾರ ವಿಲೀ ಓರೀ. 1958ರ ಜನವರಿ 18ರಂದು, ಮಾಂಟ್ರಿಯಲ್‌ನಲ್ಲಿ, ಬೋಸ್ಟನ್ ಬ್ರೂಯಿನ್ಸ್ ಪರ ಇಳಿದರು. ಅದಕ್ಕೂ ಮೊದಲೇ ಪಕ್, ಅಂದ್ರೆ ಚೆಂಡಿನ ಬದಲು ಬಳಸುವ ಗಟ್ಟಿ ರಬ್ಬರ್ ಬಿಲ್ಲೆ, ಬಡಿದು ಬಲಗಣ್ಣಿನ ದೃಷ್ಟಿ ಹೆಚ್ಚುಕಮ್ಮಿ ಪೂರ್ತಿ ಹೋಗಿತ್ತು. ಅದನ್ನ ಮುಚ್ಚಿಟ್ಟುಕೊಂಡೇ ಆಡಿದ ಮನುಷ್ಯ! ಮುಂದೆ ಶಿಕಾಗೋದಲ್ಲಿ ಎದುರಾಳಿಯೊಬ್ಬ ಬೈದು, ಸ್ಟಿಕ್ಕಿನ ಹಿಡಿಯಿಂದ ಬಾಯಿಗೆ ಗುದ್ದಿ ಮುಂದಿನ ಹಲ್ಲು ಉದುರಿಸಿದ. ಓರೀ ತಿರುಗಿ ಹೊಡೆದರು. ಜನ ಎಷ್ಟು ಕೆರಳಿದರು ಅಂದ್ರೆ, ಅವರು ಡ್ರೆಸ್ಸಿಂಗ್ ರೂಮಿನಲ್ಲೇ ಉಳಿಯಬೇಕಾಯಿತು.

ಅದೆಲ್ಲ ಹಳೇ ಕಾಲ ಅಂತೀರಾ? 2011ರಲ್ಲಿ ಒಂಟಾರಿಯೋದ ಲಂಡನ್ ನಗರದಲ್ಲಿ ಅದೇ ಲೀಗಿನ ಕಪ್ಪು ಆಟಗಾರ ವೇಯ್ನ್ ಸಿಮ್ಮಂಡ್ಸ್ ಮೇಲೆ ಪ್ರೇಕ್ಷಕನೊಬ್ಬ ಬಾಳೆಹಣ್ಣಿನ ಸಿಪ್ಪೆ ಎಸೆದ. ಅವನಿಗೆ ಬಿದ್ದ ದಂಡ 200 ಡಾಲರ್. ಅಷ್ಟೇ.

ಲೇಸ್ ಕಟ್ಟುತ್ತಾ ಕೂತ ಹುಡುಗನನ್ನ ಹೇಡಿ ಅನ್ನೋದು ಸುಲಭ. ಅವನ ಭಯಕ್ಕೂ ಕಾರಣ ಇದೆ. ಹದಿನೈದು ಹದಿನಾರಕ್ಕೇ ಜೂನಿಯರ್ ಲೀಗಿನವರು ಹುಡುಗರನ್ನ ಆರಿಸಿಕೊಳ್ಳುತ್ತಾರೆ, ಆಟಗಾರರನ್ನ ಹುಡುಕುವ ಸ್ಕೌಟ್‌ಗಳು ಮೇಲೆ ಕೂತು ನೋಡುತ್ತಿರುತ್ತಾರೆ, ತಕರಾರು ಮಾಡುವವನು ಅಂತ ಹೆಸರು ಬಿದ್ದರೆ ಕಷ್ಟ. 'ಸುಮ್ನೆ ಬಿಡೋ, ಆಟದಲ್ಲಿ ಇದೆಲ್ಲ ಇದ್ದದ್ದೇ' ಅಂತ ಹೇಳುವ ಹಿರಿಯರಿಗೂ ಕೊರತೆ ಇಲ್ಲ.

ಇನ್ನೊಂದು ದಾರಿ ಗ್ಲೌಸ್ ಕಿತ್ತೆಸೆದು ಹೊಡೆದಾಟಕ್ಕೆ ಇಳಿಯೋದು. ನೋಡೋಕೆ ಶೂರತನ. ನನಗೇನೋ ಅದರಲ್ಲಿ ನಂಬಿಕೆ ಕಮ್ಮಿ. ಎಲ್ಲರ ಕೈಯಲ್ಲೂ ಸ್ಟಿಕ್, ಕಾಲಲ್ಲಿ ಹರಿತವಾದ ಬ್ಲೇಡ್, ಯಾರಿಗೆ ಏನಾಗುತ್ತೋ ಗೊತ್ತಿಲ್ಲ. ಮೇಲಾಗಿ ಮರುದಿನ ಎಲ್ಲರ ಬಾಯಲ್ಲೂ ಹೊಡೆದಾಟದ ಮಾತೇ. ಬೈಗುಳವನ್ನ ಯಾರೂ ಎತ್ತೋದಿಲ್ಲ.

ರೆಫರಿಗೆ ಕೇಳಿಸದಿದ್ದರೆ ಒಬ್ಬನ ಮಾತಿಗೆ ಇನ್ನೊಬ್ಬನ ಮಾತು ಎದುರು, ಅಲ್ವಾ? ಆಗ ಬೇಕಾಗೋದು 'ನನಗೆ ಕೇಳಿಸಿತು, ಇವನು ಇದೇ ಮಾತು ಅಂದ' ಅಂತ ಎದ್ದು ಹೇಳುವ ಒಬ್ಬ. ಪಂದ್ಯ ಮುಗಿದು ಮರುದಿನ ಆದರೂ ಹೇಳಬಹುದು. ಆದರೆ ದೂರು ಕೊಡೋಣವಾ ಅಂತ ಮೊದಲು ಬೈಸಿಕೊಂಡ ಆ ಗೆಳೆಯನನ್ನೇ ಕೇಳಬೇಕು. ವಿಚಾರಣೆಯಲ್ಲಿ ದೊಡ್ಡವರ ಮುಂದೆ ಕೂತು ಆ ಮಾತನ್ನ ಮತ್ತೆ ಮತ್ತೆ ಹೇಳಬೇಕಾದವನು ಅವನೇ. ನಮಸ್ಕಾರ.