ಕ್ಯಾಪ್ಟನ್ ಟೋಪಿ ಹಾಕ್ಕೊಂಡು ಕೋಟೆ ದಾಟಿದವನು

(ದೃಶ್ಯ: ಕತ್ತಲು, ಬಂದರು, ಹಡಗಿನ ಹೊಗೆ ಕೊಳವೆ)

1862ರ ಮೇ 13, ಬೆಳಗಿನ ಜಾವ. ಅಮೆರಿಕದ ಚಾರ್ಲ್ಸ್‌ಟನ್ ಬಂದರು. ‘ಪ್ಲಾಂಟರ್’ ಅನ್ನೋ ಉಗಿಹಡಗು ಸದ್ದಿಲ್ಲದೆ ಹೊರಟಿದೆ. ಚುಕ್ಕಾಣಿ ಹತ್ತಿರ ನಿಂತವನ ತಲೆ ಮೇಲೆ ಕ್ಯಾಪ್ಟನ್‌ನ ಹುಲ್ಲಿನ ಟೋಪಿ. ಟೋಪಿ ಕೆಳಗಿರೋ ಮುಖ ಮಾತ್ರ 23 ವರ್ಷದ ಗುಲಾಮ ರಾಬರ್ಟ್ ಸ್ಮಾಲ್ಸ್‌ನದು.

ಆಗ ಅಂತರ್ಯುದ್ಧ ನಡೀತಿತ್ತು. ಗುಲಾಮಗಿರಿ ಉಳಿಸ್ಕೊಳ್ಳೋಕೆ ಹೊರಟಿದ್ದ ದಕ್ಷಿಣದವರ ಸೇನೆಗೆ ಈ ಹಡಗು ದುಡೀತಿತ್ತು. ಸ್ಮಾಲ್ಸ್‌ಗೆ ತಿಂಗಳಿಗೆ 16 ಡಾಲರ್ ಸಂಬಳ, ಅದ್ರಲ್ಲಿ 15 ಯಜಮಾನನ ಪಾಲು. ಹೆಂಡತಿ ಹ್ಯಾನಾ ಬೇರೊಬ್ಬನ ಸ್ವತ್ತು. ಅವಳನ್ನೂ ಮಗಳನ್ನೂ ಬಿಡಿಸ್ಕೊಳ್ಳೋಕೆ ಕೇಳಿದ ಬೆಲೆ 800 ಡಾಲರ್. ಉಳಿಯೋ ಆ ಒಂದೊಂದೇ ಡಾಲರ್ ಕೂಡಿಟ್ರೆ 66 ವರ್ಷಕ್ಕೂ ಹೆಚ್ಚು ಬೇಕು!

ಆ ರಾತ್ರಿ ಬಿಳಿಯ ಅಧಿಕಾರಿಗಳು ದಡದಲ್ಲೇ ಉಳಿದಿದ್ರು. ಸ್ಮಾಲ್ಸ್ ಇನ್ನೊಂದು ಕಟ್ಟೆಗೆ ಹೋಗಿ ಕಾಯ್ತಿದ್ದ ಹೆಂಗಸರು, ಮಕ್ಕಳನ್ನ ಹತ್ತಿಸ್ಕೊಂಡ. ಒಟ್ಟು 16 ಜನ.

(ದೃಶ್ಯ: ಕೋಟೆಯ ಗೋಡೆ, ಫಿರಂಗಿಗಳು)

ಎದುರಿಗೆ ದಕ್ಷಿಣದವರ ಕೈಯಲ್ಲಿದ್ದ ಸಮ್ಟರ್ ಕೋಟೆ. ಅವಸರ ಮಾಡಿದ್ರೆ ಅನುಮಾನ, ನಿಧಾನ ಮಾಡಿದ್ರೆ ಬೆಳಕು. ಟೋಪಿಯನ್ನ ಕಣ್ಣಿನವರೆಗೂ ಎಳ್ಕೊಂಡು, ಕ್ಯಾಪ್ಟನ್ ನಿಲ್ಲೋ ಹಾಗೇ ನಿಂತು, ಸಂಕೇತದ ಶಿಳ್ಳೆ ಹಾಕಿಸಿದ. ಕಾವಲಿನವರು ಬಿಟ್ಟುಬಿಟ್ರು. ಗುಂಡಿನ ಅಳತೆ ದಾಟಿದ ಮೇಲೆ ಬಾವುಟ ಇಳಿಸಿ ಬಿಳಿ ಹಾಸಿಗೆ ಬಟ್ಟೆ ಏರಿಸಿದ್ರು. ಹೊರಗೆ ಉತ್ತರದವರ ಹಡಗು ಇವರ ಮೇಲೆ ಗುಂಡು ಹಾರಿಸೋಕೆ ಸಿದ್ಧವಾಗಿತ್ತು. ಆ ಬಟ್ಟೆ ಕಣ್ಣಿಗೆ ಬಿದ್ದಿದ್ದರಿಂದ ಜೀವ ಉಳೀತು.

ತುಂಬಾ ಜನ ಕಥೆ ಇಲ್ಲಿಗೇ ನಿಲ್ಲಿಸ್ತಾರೆ. ನನ್ನ ಮನಸ್ಸು ನಿಲ್ಲೋದು ಆಮೇಲಿನ ಬದುಕಿನ ಹತ್ರ.

ಚಾರ್ಲ್ಸ್‌ಟನ್ ಇರೋ ಸೌತ್ ಕ್ಯಾರೊಲೈನಾ ರಾಜ್ಯದಲ್ಲಿ ಗುಲಾಮರಿಗೆ ಓದು ಕಲಿಸೋದೇ ಅಪರಾಧ ಆಗಿತ್ತು. ಸ್ಮಾಲ್ಸ್ ದೊಡ್ಡವನಾದ ಮೇಲೆ ಅಕ್ಷರ ಕಲಿತ. 1868ರಲ್ಲಿ ರಾಜ್ಯಕ್ಕೆ ಹೊಸ ಸಂವಿಧಾನ ಬರೆಯೋ ಸಭೆಯಲ್ಲಿ ಕೂತು, ಎಲ್ಲಾ ಮಕ್ಕಳಿಗೂ ಉಚಿತ ಸರ್ಕಾರಿ ಶಾಲೆ ಬೇಕು ಅಂತ ಪಟ್ಟು ಹಿಡಿದ. 1874ರಲ್ಲಿ ಅಮೆರಿಕದ ಸಂಸತ್ತಿಗೇ ಗೆದ್ದ.

(ದೃಶ್ಯ: ಬ್ಯೂಫರ್ಟ್ ಊರಿನ ದೊಡ್ಡ ಮನೆ)

ಈ ಮನೆ ನೋಡಿ. ಇದರ ಹಿತ್ತಲಿನ ಆಳುಗಳ ಗುಡಿಸಲಲ್ಲೇ 1839ರಲ್ಲಿ ಅವನು ಹುಟ್ಟಿದ್ದು. ತೆರಿಗೆ ಕಟ್ಟದೆ ಹರಾಜಿಗೆ ಬಂದಾಗ ಹಳೇ ಯಜಮಾನನ ಈ ಮನೇನ ಸ್ಮಾಲ್ಸೇ ಕೊಂಡ. ‘ಮನೆ ನಮ್ದು’ ಅಂತ ಹಿಂದಿನ ಮಾಲೀಕರು ಕೇಸು ಹಾಕಿದ್ರು. ಅದು ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. 1878ರಲ್ಲಿ ತೀರ್ಪು ಬಂತು, ಮನೆ ಸ್ಮಾಲ್ಸ್‌ದೇ. 1915ರಲ್ಲಿ ಅವನು ಕಣ್ಣು ಮುಚ್ಚಿದ್ದೂ ಇದೇ ಮನೆಯಲ್ಲಿ. ಹಿತ್ತಲಲ್ಲಲ್ಲ, ಒಳಗೆ.